ಹಿತ್ತಲ ಮೆಟ್ಟಿಲ ಮೇಲಿನ ಸಂದರ್ಶನ

ನಮ್ಮ ಮನೆಗೆ ಯಾರಾದರೂ ಮೊದಲ ಸಲ ಬರುತ್ತಾರೆ ಎಂದರೆ ನನ್ನ ಕೈ ತಾನಾಗಿಯೇ ರವೆ ಡಬ್ಬಕ್ಕೆ ಹೋಗುತ್ತದೆ. ಒಂದು ಒಲೆಯ ಮೇಲೆ ಉಪ್ಪಿಟ್ಟು, ಇನ್ನೊಂದರ ಮೇಲೆ ಕೇಸರಿಬಾತು. ಕರೆಂಟಿನ ಮೀಟರ್ ಬದಲಿಸಲು ಬಂದವರಿಗೂ ಒಮ್ಮೆ ಹಾಗೆಯೇ ಮಾಡಿಟ್ಟು ನಮ್ಮ ಯಜಮಾನರ ಕೈಲಿ ನಗಿಸಿಕೊಂಡಿದ್ದೇನೆ. ಸಂಶೋಧನೆ ಮಾಡುವ ಹುಡುಗಿ ಬರುವ ದಿನವೂ ಅದೇ ಆಯಿತು. ತುಪ್ಪದಲ್ಲಿ ರವೆ ಹುರಿದ ವಾಸನೆ ಮನೆಯೆಲ್ಲ ಹರಡಿದಾಗ ನನ್ನ ನಾದಿನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಎರಡು ಬಾಣಲೆಗಳನ್ನೂ ನೋಡಿದಳು. ತಿರುಗಿ ಹೋದಳು.

ನಾನು ಕಂಡೆ. ಗೋಡಂಬಿ ಕೆಂಪಾಗುತ್ತಿತ್ತು, ಅದರ ಕಡೆಗೆ ತಿರುಗಿದೆ.

ನಾದಿನಿ ನಮ್ಮ ಯಜಮಾನರ ಒಬ್ಬಳೇ ತಂಗಿ. ನಾನು ಮದುವೆಯಾಗಿ ಕೃಷ್ಣಮೂರ್ತಿಪುರದ ಈ ಮನೆಗೆ ಬಂದಾಗ ಅವಳಿಗೆ ಇಪ್ಪತ್ತು ದಾಟಿತ್ತು. ಈಗ ಅವಳ ಕಿವಿಯ ಹಿಂದಿನ ಕೂದಲೂ ಬೆಳ್ಳಗಾಗಿದೆ. ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಎರಡು ರಸ್ತೆ ಆಚೆ ಒಂದು ಬ್ಲೌಸ್ ಹೊಲಿಯುವ ಅಂಗಡಿಯಿದೆ, ಅಲ್ಲಿಂದ ಸೀರೆಗಳು ಬರುತ್ತವೆ. ಸೆರಗಿನ ಅಂಚಿಗೆ ರೇಷ್ಮೆ ದಾರದ ಗೊಂಚಲು ಸೇರಿಸಿ, ತಲೆಗೆ ಜರಿ ಸುತ್ತಿ, ತುದಿ ಕತ್ತರಿಸಿ ಸಮ ಮಾಡುವ ಕೆಲಸ. ಅವಳು ಕಟ್ಟಿದ ಕುಚ್ಚುಗಳು ಸಾಲಾಗಿ ನಿಂತ ಪ್ರಾರ್ಥನೆಯ ಮಕ್ಕಳ ಹಾಗೆ ಇರುತ್ತವೆ, ಒಂದರ ತಲೆ ಮೇಲಿಲ್ಲ, ಒಂದರ ತಲೆ ಕೆಳಗಿಲ್ಲ. ಮಾತು ಕಡಿಮೆ. ಕೇಳಿದ್ದಕ್ಕೆ ಉತ್ತರ ಬರುತ್ತದೆ, ಆದರೆ ಅದರದೇ ಸಮಯಕ್ಕೆ ಬರುತ್ತದೆ. ಬೆಳಿಗ್ಗೆ "ಸಾರಿಗೆ ಉಪ್ಪು ಸರಿಯಿತ್ತಾ?" ಎಂದು ಕೇಳಿದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಕ್ಕದಲ್ಲಿ ಬಂದು "ಸ್ವಲ್ಪ ಜಾಸ್ತಿ" ಎನ್ನುತ್ತಾಳೆ. ಅಷ್ಟರಲ್ಲಿ ನಾನು ಯಾವ ಸಾರು ಎಂಬುದನ್ನೇ ಮರೆತಿರುತ್ತೇನೆ.

ಇದಕ್ಕೊಂದು ಹೆಸರಿದೆ ಎಂದು ನಮಗೆ ಗೊತ್ತಾಗಿದ್ದು ಈಚೆಗೆ. ಕುಕ್ಕರಿನ ಸೀಟಿಗೆ ಅವಳು ಕಿವಿ ಮುಚ್ಚಿಕೊಂಡು ಬಚ್ಚಲಿಗೆ ಓಡುವುದು ಹೆಚ್ಚಾದಾಗ ಕುವೆಂಪುನಗರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಒಳ್ಳೆಯವರು, ತಾಳ್ಮೆಯವರು. ಅವಳ ಚಿಕ್ಕಂದಿನದ್ದೆಲ್ಲ ಯಜಮಾನರು ಹೇಳಿದರು, ಆಮೇಲಿನದ್ದೆಲ್ಲ ನಾನು ಹೇಳಿದೆ. ಇದು ಆಟಿಸಂ, ಕಾಯಿಲೆಯಲ್ಲ, ಮೆದುಳು ಕೆಲಸ ಮಾಡುವ ರೀತಿಯೇ ಬೇರೆ, ಎಷ್ಟೋ ಹೆಂಗಸರಿಗೆ ಹೀಗೆ ವಯಸ್ಸಾದ ಮೇಲೆಯೇ ಗೊತ್ತಾಗುವುದು ಎಂದರು. ನನಗೆ ಹಗುರವೆನಿಸಿತು. ಆಟೋದಲ್ಲಿ ಬರುವಾಗ ಅವಳು ಹೊರಗೆ ನೋಡುತ್ತಲೇ ಹೇಳಿದಳು:

"ನನ್ನ ಹತ್ರ ಹೆಸರು ಕೇಳಿದ್ರು. ವಯಸ್ಸು ಕೇಳಿದ್ರು. ಮಿಕ್ಕಿದ್ದೆಲ್ಲ ನೀವು ಹೇಳಿದ್ರಿ."

"ನಿಂಗೆ ಕಷ್ಟ ಆಗ್ಬಾರ್ದು ಅಂತ ಕಣಮ್ಮ."

ಅದಕ್ಕೆ ಅವಳು ಏನೂ ಹೇಳಲಿಲ್ಲ. ಹೇಳಿದ್ದು ಆರೇಳು ತಿಂಗಳಾದ ಮೇಲೆ, ಅದೇ ಕ್ಲಿನಿಕ್ಕಿನ ವರಾಂಡದಲ್ಲಿ.

ಅಲ್ಲೊಬ್ಬ ಹುಡುಗಿ ಡಾಕ್ಟರ ಒಪ್ಪಿಗೆ ಪಡೆದು ಬಂದವರನ್ನು ಮಾತಾಡಿಸುತ್ತಿದ್ದಳು. ಪಿಎಚ್.ಡಿ. ಮಾಡುತ್ತಿದ್ದಾಳಂತೆ. ದೊಡ್ಡವರಾದ ಮೇಲೆ ಆಟಿಸಂ ಇದೆಯೆಂದು ತಿಳಿದ ಹೆಂಗಸರು ಮನೆಯಲ್ಲಿ, ಬೀದಿಯಲ್ಲಿ ದಿನ ಕಳೆಯುವುದು ಹೇಗೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆಯಬೇಕಂತೆ. ಲೆಕ್ಕಾಚಾರದ ಸಂಶೋಧನೆಯಲ್ಲ, ಮಾತಿನ ಸಂಶೋಧನೆ ಎಂದಳು. "ಮಾತಾಡೋಕೆ ಸಲೀಸಾಗಿ ಬರೋರ ಮಾತೇ ಎಲ್ಲಾ ಕಡೆ ಸೇರ್ಕೊಳ್ಳುತ್ತೆ ಆಂಟಿ. ಬೇರೆಯವ್ರದ್ದು ಅವರ ಅಪ್ಪ, ಅಮ್ಮ, ಅಣ್ಣನ ಬಾಯಲ್ಲಿ ಬರುತ್ತೆ." ನಾನು ಪಾಪ ಎಂದು ತಲೆದೂಗುತ್ತಿದ್ದೆ. ಪಕ್ಕದಲ್ಲಿದ್ದ ನಾದಿನಿ ತನ್ನ ಚೀಲದಿಂದ ಫೋನು ತೆಗೆದು, ನಂಬರು ಕಾಣುವಂತೆ ಆ ಹುಡುಗಿಯ ಮುಂದೆ ಹಿಡಿದಳು.

"ನಾನು ಹೇಳ್ತೀನಿ," ಎಂದಳು. ನನ್ನ ಕಡೆ ಬೆರಳು ಮಾಡಿ, "ಇವರಲ್ಲ. ನಾನು."

ತನಗೆ ಇಂಥದ್ದು ಬೇಕು ಎಂದು ಅವಳು ಕೇಳಿದ್ದನ್ನು ನಾನು ನೋಡಿರುವುದೇ ಕಡಿಮೆ. ದಾರದ ಬಣ್ಣ ಬಿಟ್ಟರೆ ಇದೇ.

ಆದ್ದರಿಂದ ನಾನು ತಯಾರಿ ಮಾಡಿದೆ. ನಾನು ಓದಿದ್ದು ಕಾನ್ವೆಂಟ್ ಸಿಸ್ಟರುಗಳ ಶಾಲೆಯಲ್ಲಿ. ಕಣ್ಣು ನೋಡಿ ಮಾತಾಡಬೇಕು, ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು, ಕುರ್ಚಿಯ ತುದಿಯಲ್ಲಿ ಕೂರಬಾರದು. ಇವೆಲ್ಲ ನನಗೆ ಈಗಲೂ ಬಾಯಿಪಾಠದ ಹಾಗಿವೆ. ಅವಳಿಗೂ ಅದನ್ನೇ ಹೇಳಿಕೊಟ್ಟೆ. ಅವಳು ಸೂಜಿಗೆ ದಾರ ಪೋಣಿಸುತ್ತಾ ಕೇಳಿಸಿಕೊಂಡಳು. ಆ ದಿನ ಅವಳ ನೈಟಿ ಬಿಡಿಸಿ, ನೇರಳೆ ಬಣ್ಣದ ರೇಷ್ಮೆ ಸೀರೆ ಉಡಿಸಿ, ಮೊಳ ಮಲ್ಲಿಗೆ ಮುಡಿಸಿದೆ. ಹಾಲ್‌ನಲ್ಲಿ ಸೋಫಾದ ಎದುರಿಗೆ ಒಂದು ಕುರ್ಚಿ ಹಾಕಿದೆ. ಒಳ್ಳೆಯ ಕಪ್ಪು, ಸಾಸರು ತೆಗೆದೆ.

ಹುಡುಗಿ ಸಂಜೆ ಸ್ಕೂಟರಿನಲ್ಲಿ ಬಂದಳು. ಸೋಫಾದ ಮೇಲೆ ಕೂತು ರೆಕಾರ್ಡರನ್ನು ಟೀಪಾಯಿಯ ಮೇಲಿಟ್ಟಳು. ಕೆಂಪು ದೀಪ ಹತ್ತಿತು. ನಾದಿನಿ ಎದುರಿನ ಕುರ್ಚಿಯಲ್ಲಿ. ಅವಳ ಒಂದು ಕಡೆ ಅಣ್ಣ, ಇನ್ನೊಂದು ಕಡೆ ನಾನು. ಹುಡುಗಿ ಕಾಗದ ನೋಡಿಕೊಂಡು, ಪುಸ್ತಕದ ಭಾಷೆಯಲ್ಲಿ ಕೇಳಿದಳು:

"ನಿಮ್ಮ ದೈನಂದಿನ ಬದುಕಿನ ಅನುಭವಗಳನ್ನು ಹೇಗೆ ವಿವರಿಸುತ್ತೀರಿ?"

ನಾದಿನಿ ಕೆಂಪು ದೀಪವನ್ನು ನೋಡುತ್ತಿದ್ದಳು. ಗಡಿಯಾರದ ಸದ್ದು ಕೇಳಿಸುವಷ್ಟು ನಿಶ್ಶಬ್ದವಾಯಿತು. ಅಂಥ ಹೊತ್ತಿನಲ್ಲಿ ಸುಮ್ಮನಿರುವುದು ನನಗೆ ಬರುವುದಿಲ್ಲ.

"ಬೆಳಿಗ್ಗೆ ಬೇಗ ಏಳ್ತಾಳೆ," ಎಂದೆ.

"ಕೆಲಸದಲ್ಲಿ ಬಹಳ ಅಚ್ಚುಕಟ್ಟು," ಎಂದರು ಯಜಮಾನರು. "ನಮ್ಮ ಪುಟ್ಟಿ ಮನಸ್ಸು ಮಗು ಥರ ಕಣಮ್ಮ. ಯಾರಿಗೂ ತೊಂದ್ರೆ ಕೊಡೋಳಲ್ಲ."

"ಅಡುಗೆನೂ ಚೆನ್ನಾಗಿ ಮಾಡ್ತಾಳೆ," ಎಂದು ನಾನು ಸೇರಿಸಿದೆ.

ನಾದಿನಿ ಎದ್ದಳು. ಸೆರಗನ್ನು ಹೊದ್ದುಕೊಂಡು, ಬಗ್ಗಿ ಆ ಹುಡುಗಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ತನಗಿಂತ ಇಪ್ಪತ್ತು ವರ್ಷ ಚಿಕ್ಕವಳ ಕಾಲು! ಹುಡುಗಿ "ಅಯ್ಯೋ ಮೇಡಂ" ಎಂದು ಕಾಲೆಳೆದುಕೊಂಡಳು. ನಾದಿನಿ ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ನಾವು ಮೂವರೂ ಕೇಸರಿಬಾತಿನ ತಟ್ಟೆ ನೋಡುತ್ತಾ ಕೂತೆವು. ಕೊನೆಗೆ ಹುಡುಗಿಯೇ ಹೇಳಿದಳು, ತನ್ನ ಗೈಡ್ ಮೇಡಂ ಈ ತಿಂಗಳೊಳಗೆ ಮಾತುಕತೆಗಳೆಲ್ಲ ಮುಗಿಯಬೇಕು ಎಂದಿದ್ದಾರೆ, ಉತ್ತರ ಕೊಡಲು ಆಗದವರದ್ದನ್ನು ಮನೆಯವರಿಂದ ಕೇಳಿ ಬರೆದುಕೊಂಡರೂ ನಡೆಯುತ್ತದಂತೆ. "ನೀವಿಬ್ರೂ ಹೇಳಿದ್ರೆ ಸಾಕು ಆಂಟಿ. ಅವ್ರಿಗೆ ಹಿಂಸೆ ಮಾಡೋದು ಬೇಡ."

"ಅದೇ ಸರಿ," ಎಂದು ಯಜಮಾನರು ಮುಂದಕ್ಕೆ ಸರಿದು ಕೂತರು. "ಚಿಕ್ಕಂದಿನಿಂದ ಶುರು ಮಾಡ್ಲಾ?"

"ಒಂದ್ನಿಮಿಷ ಇರಿ," ಎಂದು ನಾನು ಒಳಗೆ ಹೋದೆ.

ನಾದಿನಿ ಆಗಲೇ ನೈಟಿಗೆ ಮರಳಿದ್ದಳು. ರೇಷ್ಮೆ ಸೀರೆ ಮಡಿಚಿ ಮಂಚದ ಮೇಲಿತ್ತು, ಅದರ ಮೇಲೆ ಮಲ್ಲಿಗೆ. ಅವಳು ಕತ್ತರಿಯನ್ನು ಬಟ್ಟೆಯ ಚೂರಿನಿಂದ ಒರೆಸುತ್ತಿದ್ದಳು. ನನ್ನನ್ನು ನೋಡದೆ ಕೇಳಿದಳು:

"ಒಪ್ಪಿದ್ರಾ?"

"ಯಾರು?"

"ಬಂದೋರು."

ನನಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಒಂದೊಂದೇ ಕಂಡಿತು. ಉಪ್ಪಿಟ್ಟು, ಕೇಸರಿಬಾತು. ರೇಷ್ಮೆ ಸೀರೆ, ಮಲ್ಲಿಗೆ. ಸೋಫಾದ ಎದುರಿನ ಒಂಟಿ ಕುರ್ಚಿ. ಅಣ್ಣ ಒಂದು ಕಡೆ, ಅತ್ತಿಗೆ ಇನ್ನೊಂದು ಕಡೆ, ಕೇಳಿದ್ದಕ್ಕೆಲ್ಲ ಅವರೇ ಉತ್ತರ ಹೇಳುತ್ತಾ. ಅಡುಗೆ ಚೆನ್ನಾಗಿ ಮಾಡುತ್ತಾಳಂತೆ!

ಅವಳನ್ನು ನೋಡಲು ಬಂದ ಗಂಡಿನ ಕಡೆಯವರಿಗೆಲ್ಲ ಇದೇ ಹಾಲ್‌ನಲ್ಲಿ ಇದೇ ತಿಂಡಿ ಕೊಟ್ಟಿದ್ದೆವು. ನಾನು ಬರುವ ಮುಂಚೆ ಅತ್ತೆಯವರು ಮಾಡಿದ್ದರಂತೆ, ಬಂದ ಮೇಲೆ ನಾನು ಮಾಡಿದೆ. ಹಾಡು ಬರುತ್ತಾ, ಎಷ್ಟು ಓದಿದೀಯ, ಯಾಕೆ ತಲೆ ಎತ್ತಲ್ಲ ಎಂದೆಲ್ಲ ಕೇಳುತ್ತಿದ್ದರು. ಅವಳ ಉತ್ತರ ಹೊರಡುವ ಹೊತ್ತಿಗೆ ಅವರ ಕಾರೇ ಹೊರಟಿರುತ್ತಿತ್ತು. ನಮಸ್ಕಾರ ಮಾಡು ಎಂದರೆ ಮುಗಿಯಿತು ಎಂದರ್ಥ. ಅದೊಂದನ್ನು ಅವಳು ಚೆನ್ನಾಗಿ ಕಲಿತಿದ್ದಳು. ಅತ್ತೆಯವರು ಹೋದ ಮೇಲೆ ಯಜಮಾನರೇ ಸಾಕು ಎಂದು ಅದನ್ನೆಲ್ಲ ನಿಲ್ಲಿಸಿದರು.

"ಇದು ಅದಲ್ಲ ಕಣೇ," ಎಂದೆ.

"ಗೊತ್ತು," ಎಂದಳು. "ಆದ್ರೆ ಹಂಗೇ ಇತ್ತು."

ನನಗೆ ನಗು ಬಂತು. ಅವಳಿಗೂ ತುಟಿಯ ಒಂದು ಕೊನೆ ಸ್ವಲ್ಪ ಮೇಲೆ ಹೋಯಿತು. ಆಮೇಲೆ ಕೇಳಿದಳು, "ಈಗ ನೀವು ಹೇಳ್ತೀರಾ?"

"ಇಲ್ಲ," ಎಂದೆ.

ಹಾಲ್‌ಗೆ ಬಂದಾಗ ಯಜಮಾನರು ಪುಟ್ಟಿಗೆ ಮೂರು ವರ್ಷವಾದರೂ ಮಾತು ಬರಲಿಲ್ಲ ಎಂಬಲ್ಲಿಗೆ ತಲುಪಿದ್ದರು. "ನಿಲ್ಸಿ ರೀ," ಎಂದೆ. ಹುಡುಗಿಗೆ ವಿಷಯ ತಿಳಿಸಿದೆ. ಅವಳು ಟೀಪಾಯಿಯ ಮೇಲಿನ ತಿಂಡಿಯನ್ನು, ಎದುರಿನ ಕುರ್ಚಿಯನ್ನು ನೋಡಿ ಹಣೆ ಚಚ್ಚಿಕೊಂಡಳು. ಅವಳ ಪುಸ್ತಕದ ಭಾಷೆ ಅಲ್ಲೇ ಬಿದ್ದುಹೋಯಿತು.

"ಅಯ್ಯೋ ಸಿವನೇ. ನನ್ನೂ ಎರಡು ಸಲ ನೋಡಾಕೆ ಬಂದವ್ರೆ ಆಂಟಿ. ಒಬ್ಬ ಅಂತೂ ನಾನು ನಡೆಯೋದ್ ನೋಡ್ಬೇಕು ಅಂದ. ಎದ್ದು ನಡ್ಕೊಂಡ್ ಮನೆಯಿಂದ್ಲೇ ಆಚೆ ಹೊಂಟೋದೆ." ಕೆಸರೆ ಕಡೆಯ ಹುಡುಗಿ, ತಂದೆ ತಾಯಿ ಹಳ್ಳಿಯಿಂದ ಬಂದು ಅಲ್ಲಿ ನೆಲೆಸಿದವರು ಎಂದು ಆಗ ಗೊತ್ತಾಯಿತು. "ಈಗ ಎಂಗ್ ಕೇಳ್ಬೇಕು ಅಂತ ನೀವೇ ಹೇಳಿ."

"ನನ್ನ ಯಾಕೆ ಕೇಳ್ತೀಯಮ್ಮ? ಅವಳನ್ನೇ ಕೇಳು. ಉತ್ತರ ಇವತ್ತೇ ಬರಲ್ಲ ಅಷ್ಟೇ."

ಹುಡುಗಿ ಹೊರಡುವ ಮುಂಚೆ ವಾಟ್ಸಾಪಿನಲ್ಲಿ ಕೇಳಿದಳಂತೆ: ಎಲ್ಲಿ, ಯಾವಾಗ, ಹೇಗೆ ಕೂತು ಮಾತಾಡಿದರೆ ನಿಮಗೆ ಸರಿಹೋಗುತ್ತದೆ? ಎರಡು ದಿನ ಉತ್ತರವಿಲ್ಲ. ಅವಳು ನನಗೆ ಫೋನು ಮಾಡಿ, "ಬ್ಯಾಸರ ಮಾಡ್ಕೊಂಡ್ರಾ ಆಂಟಿ?" ಎಂದಳು. "ಯೋಚನೆ ಮಾಡ್ತಿದಾಳೆ," ಎಂದೆ. ಮೂರನೆಯ ದಿನ ನಾದಿನಿ ತಾನು ಕಳಿಸಿದ್ದನ್ನು ನನಗೂ ತೋರಿಸಿದಳು. ಹಿತ್ತಲ ಮೆಟ್ಟಿಲು. ಬೆಳಿಗ್ಗೆ. ಪಕ್ಕದಲ್ಲಿ ಕೂರಿ, ಎದುರಿಗೆ ಬೇಡ. ಪ್ರಶ್ನೆ ಮೊದಲೇ ಕಳಿಸಿ. ಕೈಯಲ್ಲಿ ಕೆಲಸ ಇರುತ್ತೆ. ಕತ್ತರಿ ಮೆಟ್ಟಿಲ ಮೇಲಿಟ್ಟರೆ ಮಾತು ಸಾಕು ಅಂತ. ಅದರ ಕೆಳಗೆ: ಕುಕ್ಕರ್ ಬೇಡ.

"ಕಡೇದು ನಿಮಗೆ," ಎಂದಳು.

ಪ್ರಶ್ನೆಗಳು ಬಂದವು. ಮೊದಲನೆಯದು ಅದೇ ದೈನಂದಿನ ಬದುಕು. ನಾದಿನಿ ಓದಿ, "ಯಾವ ದಿನದ್ದು?" ಎಂದು ಬರೆದು ಕಳಿಸಿದಳು. ಎರಡನೆಯದು, ಸಮಾಜ ನಿಮ್ಮನ್ನು ಹೇಗೆ ನೋಡುತ್ತದೆ. ಅದಕ್ಕೆ, "ಯಾರು?" ಹುಡುಗಿ ಇಡೀ ಪಟ್ಟಿಯನ್ನೇ ಹೊಸದಾಗಿ ಬರೆದಳು. ನಿನ್ನೆ ಬೆಳಿಗ್ಗೆ ಎದ್ದು ಮೊದಲು ಏನು ಮಾಡಿದಿರಿ? ಬೀದಿಯಲ್ಲಿ ಯಾವ ಸದ್ದು ಇಷ್ಟವಿಲ್ಲ? ಮನೆಗೆ ಜನ ಬಂದರೆ ಏನಾಗುತ್ತೆ? ಇವುಗಳನ್ನು ಓದಿ ನಾದಿನಿ ಫೋನನ್ನು ಮಗುಚಿಟ್ಟು ಕುಚ್ಚು ಕಟ್ಟಲು ಕೂತಳು. ಒಪ್ಪಿಗೆ ಎಂದು ನನಗೆ ತಿಳಿಯಿತು.

ಹುಡುಗಿ ಮತ್ತೆ ಬರುವ ಬೆಳಿಗ್ಗೆ ನಾನು ವಿಶೇಷವೇನೂ ಮಾಡಲಿಲ್ಲ. ಮಾಡದೆ ಇರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಅಕ್ಕಿಯನ್ನು ಪಾತ್ರೆಯಲ್ಲೇ ಬೇಯಿಸಿ ಗಂಜಿ ಬಸಿಯುವುದೆಂದು ಇಟ್ಟುಕೊಂಡೆ. ಕಾಯಿ ರುಬ್ಬುವುದನ್ನು ಹಿಂದಿನ ಸಂಜೆಯೇ ಮುಗಿಸಿ ಮಿಕ್ಸಿಯ ವಯರು ಸುತ್ತಿಟ್ಟಿದ್ದೆ. ಹುಡುಗಿ ಬಂದಾಗ ನಾದಿನಿ ದಿನದ ನೈಟಿಯಲ್ಲೇ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು, ತೊಡೆಯ ಮೇಲೆ ಯಾರದೋ ಸೀರೆಯ ಸೆರಗು. ಎದುರಿಗೆ ಬಟ್ಟೆ ಒಗೆಯುವ ಕಲ್ಲು, ಕರಿಬೇವಿನ ಗಿಡ. ನಾನು ಸ್ಟೀಲ್ ಲೋಟಗಳಲ್ಲಿ ಕಾಫಿ ಇಟ್ಟು ಒಳಗೆ ಬಂದುಬಿಟ್ಟೆ.

ಅಡುಗೆಮನೆಯ ಕಿಟಕಿ ಹಿತ್ತಲಿಗೇ ತೆರೆಯುತ್ತದೆ. ಮುಚ್ಚೋಣವೆಂದು ಹೋದೆ. "ತೆಗ್ದಿರ್ಲಿ, ಸೆಕೆ ಆಗುತ್ತೆ ನಿಮಗೆ," ಎಂದಳು ನಾದಿನಿ. ಹಾಗಾಗಿ ನಾನು ಕದ್ದು ಕೇಳಿದ್ದಲ್ಲ.

ಪೂಜೆ ಮುಗಿಸಿ ವಿಭೂತಿಯ ಹಣೆಯಲ್ಲೇ ಯಜಮಾನರು ಒಳಗೆ ಬಂದರು. "ಏನಂತೆ? ಏನಾದ್ರೂ ಹೇಳಿದ್ಲಾ?"

"ಶ್! ಮೆತ್ತಗೆ ರೀ."

"ನಾನ್ ಹೋಗಿ ಸ್ವಲ್ಪ ಪಕ್ಕದಲ್ಲಿ ಕೂತ್ರೆ ಧೈರ್ಯ ಬರುತ್ತೇನೋ..."

ನೆನೆಹಾಕಿದ ಅವರೆಕಾಳಿನ ಪಾತ್ರೆಯನ್ನು ಅವರ ಮುಂದಿಟ್ಟೆ. "ಹಿದುಕಿ."

"ಇಷ್ಟೂನಾ?"

"ಇಷ್ಟೂ."

ಅವರು ನೆಲದ ಮೇಲೆ ಕೂತು ಒಂದೊಂದೇ ಕಾಳನ್ನು ಬೆರಳುಗಳ ನಡುವೆ ಒತ್ತಿ ಸಿಪ್ಪೆ ಬಿಡಿಸತೊಡಗಿದರು. ಸದ್ದಿಲ್ಲದ ಕೆಲಸ. ಗಂಡಸರನ್ನು ಸುಮ್ಮನೆ ಕೂರಿಸಲು ಅವರೆಕಾಯಿಯ ಕಾಲಕ್ಕಿಂತ ಒಳ್ಳೆಯ ಕಾಲವಿಲ್ಲ.

ಹೊರಗೆ ಹುಡುಗಿ ಕೇಳಿದಳು, "ಅಕ್ಕ, ನಿನ್ನೆ ಎದ್ದು ಮೊದ್ಲು ಏನ್ ಮಾಡುದ್ರಿ?" ಮೇಡಂ ಹೋಗಿ ಅಕ್ಕ ಬಂದಿದ್ದನ್ನು ಗಮನಿಸಿದೆ. ಕಾಗೆ ಕೂಗಿತು. ಪಕ್ಕದ ಮನೆಯ ನೀರಿನ ಮೋಟಾರು ಶುರುವಾಗಿ ನಿಂತಿತು. ನನ್ನ ಬಾಯಿ ತೆರೆಯಿತು, ಎದ್ದ ಕೂಡಲೇ ಅವಳು ಹಾಸಿಗೆ ಮಡಿಚುತ್ತಾಳೆ ಎಂದು ಹೇಳಲು. ಡಬ್ಬಿಯಿಂದ ಒಂದು ಏಲಕ್ಕಿ ತೆಗೆದು ಬಾಯಿಗೆ ಹಾಕಿಕೊಂಡೆ.

"ಇದನ್ನ ಹಿಡ್ಕೊಳ್ಳಿ," ಎಂದಳು ನಾದಿನಿ. ದಾರದ ಗೊಂಚಲನ್ನು ಹುಡುಗಿಯ ಕೈಗೆ ಕೊಟ್ಟಿರಬೇಕು. "ಹಂಗಲ್ಲ. ಜರಿ ಸುತ್ತೋವಾಗ ಬೆರಳು ಬಿಡ್ಬಾರ್ದು."

"ಬಿಟ್ಬುಟ್ಟೆ ಅಕ್ಕ."

"ಗೊತ್ತು. ಇನ್ನೊಂದ್ ಸಲ."

ಹುಡುಗಿ ಎರಡನೆಯದು ಕೇಳಿದಳು, ಮೂರನೆಯದು ಕೇಳಿದಳು. ಮೂರನೆಯದನ್ನು ಕೇಳಿ ಸ್ವಲ್ಪ ಹೊತ್ತಿಗೆ ನಾದಿನಿ, "ಹಾಸಿಗೆ ಮಡಿಚಿದೆ. ಆಮೇಲೆ ಗೇಟ್ ತೆಗೆದೆ. ಬೆಳಿಗ್ಗೆ ಬೀದಿ ಖಾಲಿ ಇರುತ್ತೆ, ಪೂರ್ತಿ ನಂದೇ ಥರ. ಅದಕ್ಕೆ ಬೇಗ ಏಳೋದು," ಎಂದಳು.

"ಅಕ್ಕ, ನಾನ್ ಈಗ ಕೇಳಿದ್ದು..." ಎಂದು ಹುಡುಗಿ ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಜಾಣೆ. ಇದು ಮೊದಲನೆಯದರ ಉತ್ತರ, ಮಿಕ್ಕವು ದಾರಿಯಲ್ಲಿವೆ ಎಂದು ಅರ್ಥ ಮಾಡಿಕೊಂಡಳು. ಆಮೇಲೆ ಪ್ರಶ್ನೆ ಹಾಕಿ ತಾನೂ ದಾರ ಸುತ್ತುತ್ತಾ ಕೂತಳು.

ಹೀಗೆ ಒಂದೊಂದಾಗಿ ಬಂದವು. ಬ್ಲೌಸ್ ಅಂಗಡಿಯವರು ಸುಮ್ಮನೆ ಸೀರೆ ಕೊಟ್ಟು ಬಣ್ಣ ತೋರಿಸುತ್ತಾರೆ, ಚೆನ್ನಾಗಿದೀರಾ ಎಂದು ಕೇಳುವುದಿಲ್ಲ, ಅದಕ್ಕೇ ಅವರು ಇಷ್ಟ. ಬಸ್ಸಿನ ಹಾರನ್ನಿಗಿಂತ ಅದರ ಬಾಗಿಲು ಮುಚ್ಚುವ ಗಾಳಿಯ ಸದ್ದು ಕೆಟ್ಟದ್ದು. ಅಣ್ಣ ಪೂಜೆಯಲ್ಲಿ ಹೇಳುವ ಮಂತ್ರ ದಿನವೂ ಒಂದೇ ಥರ ಇರುವುದರಿಂದ ಅದನ್ನು ಕೇಳಿದರೆ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಇದನ್ನು ಕೇಳಿ ಯಜಮಾನರ ಬೆರಳು ಅವರೆಕಾಳಿನ ಮೇಲೆ ನಿಂತುಬಿಟ್ಟಿತು. ಅತ್ತಿಗೆ ಶುಕ್ರವಾರ ಮುಡಿಸುವ ಹೂವಿನ ನೀರು ಕತ್ತಿಗೆ ಇಳಿಯುತ್ತದೆ, ಆದ್ದರಿಂದ ಅವರು ಆಚೆ ಹೋದ ಮೇಲೆ ತೆಗೆದು ದೇವರಿಗೆ ಇಟ್ಟುಬಿಡುವುದು. ಶುಕ್ರವಾರಗಳಂದು ದೇವರ ಮೇಲೆ ನಾನು ಇಟ್ಟದ್ದಕ್ಕಿಂತ ಹೆಚ್ಚು ಹೂವಿರುವುದನ್ನು ನೋಡಿ ಯಜಮಾನರಿಗೆ ಭಕ್ತಿ ಜಾಸ್ತಿಯಾಗಿದೆ ಎಂದುಕೊಂಡಿದ್ದೆ.

"ಹಾಡು ಬರುತ್ತಾ?" ಎಂಬ ಮಾತು ಕೇಳಿಸಿತು. ನಾದಿನಿಯ ದನಿ.

"ನಂಗಾ ಅಕ್ಕ? ಇಲ್ಲ."

"ಅಡುಗೆ?"

"ಮುದ್ದೆ ಕಟ್ತೀನಿ. ಗಂಟಾಯ್ತದೆ."

"ಎದ್ದು ನಡೆದು ತೋರ್ಸಿ."

ಹುಡುಗಿ ಜೋರಾಗಿ ನಕ್ಕಳು. ಅವಳು ಹಾಲ್‌ನಲ್ಲಿ ಹೇಳಿದ ಆ ಗಂಡಿನ ಕಥೆ ಬಾಗಿಲ ಆಚೆಯಿಂದ ನಾದಿನಿಗೆ ಕೇಳಿಸಿತ್ತು. ನಾದಿನಿಯೂ ನಗುತ್ತಿದ್ದಳು, ಉಸಿರನ್ನು ಮೂಗಿನಿಂದ ಬಿಡುವ ಅವಳ ನಗು. ಆಮೇಲೆ, ಯಾರೂ ಏನೂ ಕೇಳದೆಯೇ, ಮನೆಗೆ ಜನ ಬಂದರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಬಂತು.

"ಎಲ್ರೂ ನನ್ನ ಮುಖ ನೋಡ್ತಾರೆ. ನಾನು ಒಳಗೆ ಹುಡುಕ್ತಾ ಇರ್ತೀನಿ. ಇರುತ್ತೆ ಉತ್ತರ. ಅಷ್ಟ್ರಲ್ಲಿ ಬೇರೆಯವ್ರು ಹೇಳ್ಬುಡ್ತಾರೆ. ನಂದು ಒಳಗೇ ಉಳ್ಕೊಳ್ಳುತ್ತೆ. ಕಾಯ್ಬೇಕು. ಕಾಯ್ಬೇಕು. ಕಾಯ್ಬೇಕು."

ಟಕ್ ಎಂದು ಕತ್ತರಿ ಮೆಟ್ಟಿಲ ಮೇಲೆ ಕೂತಿತು. ಹುಡುಗಿ ರೆಕಾರ್ಡರು ನಿಲ್ಲಿಸಿದ ಸದ್ದೂ ಕೇಳಿಸಿತು. ನನ್ನ ಬಾಯಲ್ಲಿ ಏಲಕ್ಕಿ ಸಿಪ್ಪೆ ಮಾತ್ರ ಉಳಿದಿತ್ತು. ಯಜಮಾನರು ತಲೆ ಎತ್ತದೆ ಇನ್ನೊಂದು ಹಿಡಿ ಕಾಳು ತೆಗೆದುಕೊಂಡರು.

ಮುಗಿಯಿತು ಎಂದುಕೊಂಡಿದ್ದೆ. ಆದರೆ ಬರೆದದ್ದನ್ನು ಹೇಳಿದವರಿಗೇ ಓದಿ ತೋರಿಸಿ ಸರಿಯಿದೆಯೇ ಎಂದು ಕೇಳುವುದು ಅವರ ಕ್ರಮವಂತೆ. ಹುಡುಗಿ ಟೈಪು ಮಾಡಿದ ಹಾಳೆಗಳೊಂದಿಗೆ ಮತ್ತೆ ಬಂದು ಅದೇ ಮೆಟ್ಟಿಲ ಮೇಲೆ ಕೂತಳು. ಈ ಸಲ ನಾದಿನಿಯೇ ನನ್ನನ್ನೂ ಕರೆದಳು. ನಾನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ.

ಮೊದಲು ಹೆಸರಿನ ವಿಷಯ. ಪುಸ್ತಕದಲ್ಲಿ ನಿಜವಾದ ಹೆಸರು ಹಾಕುವಂತಿಲ್ಲ, ಬೇರೊಂದು ಹೆಸರು ಆರಿಸಿಕೊಳ್ಳಿ ಎಂದಳು ಹುಡುಗಿ.

"ಸುಳ್ಳು ಹೆಸರಾ?"

"ಸುಳ್ಳು ಅಂತಲ್ಲ ಅಕ್ಕ. ಯಾರಿಗೂ ಗುರುತು ಸಿಗ್ದಂಗೆ."

ನಾದಿನಿ ತನ್ನ ದಾರದ ಡಬ್ಬಿಯನ್ನು ನೋಡುತ್ತಾ ಕೂತಳು. ಒಂದು ಉಂಡೆಯನ್ನು ಎತ್ತಿ ಬೆಳಕಿಗೆ ಹಿಡಿದಳು. "ಈರುಳ್ಳಿ ಬಣ್ಣ."

"ಅಂಗಂತ ಹಾಕ್ಲಾ? ಹೆಸರಿನ ಜಾಗದಲ್ಲಿ ಈರುಳ್ಳಿ ಬಣ್ಣ ಅಂತ?"

"ಗುರುತು ಸಿಗುತ್ತಾ?"

"ಇಲ್ಲ."

"ಮತ್ತೆ?"

ಬರೆದುಕೊಂಡಳು. ಆಮೇಲೆ ಓದಿದಳು. ಖಾಲಿ ಬೀದಿ, ಬಸ್ಸಿನ ಬಾಗಿಲು, ಹೂವಿನ ನೀರು. ಅವಳದೇ ಮಾತುಗಳು ಅವಳದೇ ಧಾಟಿಯಲ್ಲಿದ್ದವು. ನಾದಿನಿ ತಲೆ ಆಡಿಸುತ್ತಾ ಕೇಳುತ್ತಿದ್ದವಳು ಕೊನೆಗೆ ಕೈ ಎತ್ತಿದಳು.

"ಒಂದೇ ಸಲ ಇದೆ."

"ಏನಕ್ಕ?"

"ಕಾಯ್ಬೇಕು. ನಾನು ಮೂರು ಸಲ ಹೇಳಿದ್ದು."

ಹುಡುಗಿ ಹಾಳೆ ನೋಡಿದಳು. "ಅದು ನಮ್ ಗೈಡ್ ಮೇಡಂ, ಒಂದೇ ಮಾತು ಮತ್ತೆ ಮತ್ತೆ ಬಂದ್ರೆ ಒಂದ್ ಸಲ ಇಟ್ಕೊಂಡ್ರೆ ಸಾಕು ಅಂದ್ರು. ಅರ್ಥ ಅದೇ ಅಲ್ವಾ ಅಕ್ಕ?"

"ಅಲ್ಲ," ಎಂದಳು ನಾದಿನಿ. ನಾವು ಕಾದೆವು. ಹುಡುಗಿಯೂ ಕಾದಳು, ನಾನೂ ಕಾದೆ. ಇಬ್ಬರೂ ಆ ಹೊತ್ತಿಗೆ ಸ್ವಲ್ಪ ಕಲಿತಿದ್ದೆವು. "ಒಂದು ಅಮ್ಮಂಗೆ ಹೇಳಿದ್ದು. ಒಂದು ಅಣ್ಣಂಗೆ. ಒಂದು ಬಂದೋರಿಗೆ. ಒಂದೇ ಹಾಕಿದ್ರೆ ಯಾರಿಗೆ ಅಂತ ಗೊತ್ತಾಗಲ್ಲ."

ಹುಡುಗಿಯ ಪೆನ್ನು ಹಾಳೆಯ ಮೇಲೆ ಹಾಗೇ ನಿಂತಿತ್ತು. ನನಗೆ ತಡೆಯಲಾಗಲಿಲ್ಲ.

"ನಂಗೆ?" ಎಂದೆ.

ನಾದಿನಿ ನನ್ನ ಕಡೆ ನೋಡಿದಳು. "ನಿಮಗೂ ಒಂದು ಹೇಳ್ಬೇಕಿತ್ತು. ಅವತ್ತು ಬಿಟ್ಟೋಯ್ತು."

"ಸೇರಿಸ್ಲಾ ಅಕ್ಕ?" ಎಂದಳು ಹುಡುಗಿ ತಕ್ಷಣ. "ನಾಕು ಮಾಡ್ತೀನಿ."

"ಹೇಳ್ದೇ ಇರೋದನ್ನ ಹೆಂಗೆ ಬರೀತೀರಿ?" ಎಂದು ನಾದಿನಿ ಆಶ್ಚರ್ಯಪಟ್ಟಳು. "ಮೂರೇ ಹಾಕಿ."

ಮೂರು ಉಳಿಯುತ್ತದೋ ಇಲ್ಲವೋ ಎಂಬುದು ಆ ಗೈಡ್ ಮೇಡಂ ಕೈಯಲ್ಲಿತ್ತು. ಹುಡುಗಿ ಹೋಗಿ ವಾದ ಮಾಡುತ್ತೇನೆಂದು ಹೊರಟಳು. ಆ ವಾರವೆಲ್ಲ ನಾದಿನಿ ಕುಚ್ಚು ಕಟ್ಟುವಾಗ ಫೋನನ್ನು ಮಗುಚಿಡಲಿಲ್ಲ, ಅಂಗಾತ ಇಟ್ಟುಕೊಂಡಿದ್ದಳು. ನಾನೂ ಒಗ್ಗರಣೆ ಹಾಕುತ್ತಾ ಅದರ ಸದ್ದಿಗೆ ಕಿವಿ ಕೊಡುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಬಂತು. ಒಂದು ಪುಟದ ಫೋಟೋ. ಮೇಲೆ, ಈರುಳ್ಳಿ ಬಣ್ಣ. ಕೆಳಗೆ ಅವಳ ಮಾತು. ಕೊನೆಯ ಸಾಲಿನಲ್ಲಿ ಮೂರು ಸಲ, ಒಂದಾದ ಮೇಲೊಂದು. ಜೊತೆಗೆ ಹುಡುಗಿಯ ದನಿ, ಸ್ಕೂಟರು ನಿಲ್ಲಿಸಿ ರಸ್ತೆಬದಿಯಿಂದಲೇ ಕಳಿಸಿದ್ದಿರಬೇಕು, ಹಿಂದೆಲ್ಲ ಗಾಡಿಗಳ ಸದ್ದು: "ಅಕ್ಕ, ಮೇಡಂ ಒಪ್ಪುದ್ರು! ಯಾರ್ ಯಾರಿಗೆ ಅಂತ್ಲೂ ಬರೀಬೇಕಂತೆ." ನಾದಿನಿ ಅದನ್ನು ದನಿ ತಗ್ಗಿಸಿ ಮತ್ತೊಮ್ಮೆ ಕೇಳಿದಳು. ಆಮೇಲೆ ಫೋನನ್ನು ಅಣ್ಣನ ಕೈಗೆ ಕೊಟ್ಟಳು.

ಯಜಮಾನರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಪುಟ ದೊಡ್ಡದೇನಲ್ಲ, ಆದರೆ ಬಹಳ ಹೊತ್ತು ಹಿಡಿದುಕೊಂಡಿದ್ದರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಏನೋ ದೊಡ್ಡ ಮಾತು ಹೇಳುತ್ತಾರೆ ಎಂದುಕೊಂಡೆ.

"ಪುಟ್ಟಿ," ಎಂದರು. "ಇವತ್ತು ತಿಂಡಿಗೆ ಏನ್ ಮಾಡೋಣ?"

ಅವಳು ಸೂಜಿ ಕೆಳಗಿಟ್ಟಳು. ಮಾಮೂಲಿನಂತಾದರೆ ಅವರು ಅಷ್ಟರಲ್ಲಿ ತಾವೇ ದೋಸೆ ಎಂದುಬಿಟ್ಟಿರುತ್ತಿದ್ದರು, ನಾನು ಹಿಟ್ಟಿಲ್ಲ ಎಂದಿರುತ್ತಿದ್ದೆ. ಅವರು ಬಾಗಿಲಿಗೆ ಒರಗಿ ನಿಂತರು. ನಾನು ಒಲೆ ಹಚ್ಚದೆ ಲೈಟರು ಹಿಡಿದು ನಿಂತೆ. ಪತ್ರಿಕೆಯವನು ಗೇಟಿನ ಮೇಲಿಂದ ಪೇಪರು ಎಸೆದು ಹೋದ. ಅವರ ಕಾಲು ನೋವು ನನಗೆ ಗೊತ್ತು, ಭಾರವನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಿದರು, ಆದರೆ ಬಾಯಿ ತೆರೆಯಲಿಲ್ಲ.

"ಉಪ್ಪಿಟ್ಟು," ಎಂದಳು ನಾದಿನಿ.

ನನ್ನ ಕೈ ರವೆ ಡಬ್ಬಕ್ಕೆ ಹೋಯಿತು. ಒಂದು ಬಾಣಲೆ ಇಟ್ಟು ಇನ್ನೊಂದನ್ನು ತೆಗೆಯಲು ಬಗ್ಗಿದಾಗ ಹಿಂದಿನಿಂದ ಅವಳ ದನಿ ಬಂತು.

"ಕೇಸರಿಬಾತು ಬೇಡ."